ಮಾವ ಅಂದರೆ ಯಾವ ಮಾವ?

ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಯಲ್ಲಿ ಮಗುವಿಗೆ ಜೀನೋಮ್ ಪರೀಕ್ಷೆ, ಅಂದರೆ ಇಡೀ ಡಿಎನ್ಎ ಓದುವ ಪರೀಕ್ಷೆ, ಬರೆಯುವಾಗ ಒಂದು ಪ್ರಶ್ನೆ ಬಂದೇ ಬರುತ್ತದೆ: ತಂದೆ ತಾಯಿ ರಕ್ತಸಂಬಂಧಿಗಳೇ? ನಮ್ಮ ಕಡೆಯ ದಂಪತಿಗಳಿಗೆ ಅಲ್ಲಿ ಚುರುಕ್ ಅನ್ನುತ್ತದೆ. ಊರಲ್ಲಿ ಈ ಪ್ರಶ್ನೆ ಹೇಗೆ ಬರುತ್ತದೆ ಅಂತ ಅವರಿಗೆ ಗೊತ್ತು. "ಸಂಬಂಧದಲ್ಲೇ ಮಾಡ್ಕೊಂಡಿದ್ದೀರಾ? ಮತ್ತೆ, ಅದಕ್ಕೇ ಹೀಗೆ." ಪ್ರಶ್ನೆಯ ಬೆನ್ನಿಗೇ ತೀರ್ಪು. ಇಲ್ಲಿ ಇಂಗ್ಲೆಂಡಿನಲ್ಲಿ ಜೀನಿನ ವಿಷಯ ತಿಳಿಹೇಳುವ ಕೌನ್ಸೆಲರ್ ಮಾತ್ರ ಹೌದು ಅಂದದ್ದನ್ನು ಕೇಳಿಸಿಕೊಂಡು, ವಂಶವೃಕ್ಷದ ಚಿತ್ರದಲ್ಲಿ ಗಂಡನ ಚೌಕಕ್ಕೂ ಹೆಂಡತಿಯ ವೃತ್ತಕ್ಕೂ ನಡುವೆ ಒಂದರ ಬದಲು ಎರಡು ಗೆರೆ ಎಳೆದು, "ಹೇಗೆ ಸಂಬಂಧ?" ಅಂತ ಮುಂದೆ ಹೋಗುತ್ತಾರೆ. ಮುಖದಲ್ಲಿ ಏನೂ ಇಲ್ಲ.

ಎಡವಟ್ಟಾಗುವುದು ಆ ಎರಡನೇ ಪ್ರಶ್ನೆಯಲ್ಲಿ. "ಇವರು ನನಗೆ ಮಾವ ಆಗಬೇಕು" ಅಂತಾಳೆ ಹೆಂಡತಿ. ಅದು ಅಂಕಲ್ ಆಗಿ ಕಾಗದಕ್ಕಿಳಿಯುತ್ತದೆ. ಸ್ವಂತ ಸೋದರಮಾವನೋ, ಅಮ್ಮನ ಚಿಕ್ಕಪ್ಪನ ಮಗನೋ, ಬರೀ ವರಸೆಯಲ್ಲಿ ಮಾವನೋ? ಲೆಕ್ಕ ಬೇರೆಬೇರೆ. ಬಹುತೇಕ ಒಂದೊಂದು ಜೀನಿನದೂ ಎರಡು ಪ್ರತಿ, ಅಮ್ಮನಿಂದೊಂದು, ಅಪ್ಪನಿಂದೊಂದು. ಸ್ವಂತ ಸೋದರಮಾವನಾದರೆ ಮಗುವಿನ ಜೀನೋಮಿನ ಎಂಟನೇ ಒಂದು ಭಾಗ, ಸರಾಸರಿಯಲ್ಲಿ, ಎರಡೂ ಕಡೆಯಿಂದ ಅದೇ ಹಿರಿಯರ ಅದೇ ಪ್ರತಿ. ಸ್ವಂತ ಅತ್ತೆಯ ಮಗನಾದರೆ ಹದಿನಾರನೇ ಒಂದು ಭಾಗ. ಲ್ಯಾಬಿನವರಿಗೆ ಇದು ದಾರಿ ತೋರುವ ಮಾಹಿತಿ. ಎರಡೂ ಪ್ರತಿ ಕೆಟ್ಟಾಗ ಮಾತ್ರ ಬರುವ ಕಾಯಿಲೆಗಳನ್ನು ಹುಡುಕುವಾಗ ಆ ಒಂದೇ ತೆರನಾದ ಉದ್ದುದ್ದ ತುಂಡುಗಳ ಮೇಲೆ ಕಣ್ಣಿಡುತ್ತಾರೆ.

ಹಾಗಂತ ಅವರ ಹುಡುಕಾಟ ಅಲ್ಲಿಗೇ ನಿಲ್ಲುವುದಿಲ್ಲ. ನಮ್ಮೂರಿನ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. ಸೋದರಮಾವನನ್ನು ಮದುವೆಯಾದವಳ ಮಗುವಿಗೂ ಅಪ್ಪ ಅಮ್ಮ ಇಬ್ಬರಲ್ಲೂ ಇಲ್ಲದ ಹೊಸ ಬದಲಾವಣೆಯೊಂದು ಜೀನಿನಲ್ಲಿ ತಾನಾಗಿ ಹುಟ್ಟಿಕೊಂಡಿರಬಹುದು. ಅದಕ್ಕೂ ಮದುವೆಗೂ ಸಂಬಂಧವೇ ಇಲ್ಲ. ಎರಡೂ ಪ್ರತಿ ಕೆಟ್ಟ ಕಾಯಿಲೆಯಾದರೆ ಮುಂದಿನ ಪ್ರತಿ ಬಸಿರಿಗೂ ನಾಲ್ಕರಲ್ಲೊಂದು ಅಪಾಯ. ಹೊಸದಾಗಿ ಹುಟ್ಟಿದ್ದಾದರೆ ನೂರರಲ್ಲೊಂದರ ಆಸುಪಾಸು. "ಸಂಬಂಧದಲ್ಲಿ ಮಾಡ್ಕೊಂಡ್ರಿ" ಅನ್ನುವ ಒಂದು ಮಾತಿಗೆ ಹೆದರಿ ಎರಡನೇ ಮಗುವಿನ ಆಸೆ ಬಿಟ್ಟವರು ಎಷ್ಟು ಜನವೋ.

ಇವೆರಡನ್ನು ಬೇರ್ಪಡಿಸಲು ಮೂವರ ರಕ್ತವೂ ಬೇಕು. ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಅನ್ನುವ ರಾಸಾಯನಿಕ ಹಾಕಿದ ನೇರಳೆ ಮುಚ್ಚಳದ ಟ್ಯೂಬು, ಮಗುವಿಗೊಂದು, ಅಮ್ಮನಿಗೊಂದು, ಅಪ್ಪನಿಗೊಂದು. ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬಿಗೆ ತೆಗೆದರೆ ಮುಂದಿನ ರಾಸಾಯನಿಕ ಕ್ರಿಯೆಗೆ ಹೆಪಾರಿನ್ ಅಡ್ಡ ಬರುತ್ತದೆ. ಅಮ್ಮನ ಲೇಬಲ್ ಮಗುವಿನ ಟ್ಯೂಬಿಗೆ ಅಂಟಿಸಿದರೆ ಸಂಬಂಧ ತಾಳೆ ನೋಡುವಾಗ ಸಿಕ್ಕಿಬಿದ್ದು ಮೂರೂ ಅಲ್ಲೇ ನಿಲ್ಲುತ್ತವೆ. ಅಪ್ಪ ಊರಲ್ಲಿದ್ದು ರಕ್ತ ಸಿಗದಿದ್ದರೆ ಹೊಸ ಬದಲಾವಣೆಯೋ ಅಪ್ಪನಿಂದ ಬಂದದ್ದೋ ಅಂತ ಹೇಳಲಾಗದೆ ರಿಪೋರ್ಟು ಅರ್ಧಕ್ಕೇ ನಿಲ್ಲುತ್ತದೆ.

ಯಾವ ಮಗುವಿಗೆ ಯಾವ ಪರೀಕ್ಷೆ ಅನ್ನುವುದಕ್ಕೂ ಇಡೀ ಇಂಗ್ಲೆಂಡಿಗೆ ಒಂದೇ ಪಟ್ಟಿ, ಒಂದೊಂದಕ್ಕೂ ಒಂದು ಕೋಡ್. ಆರ್29 ಅಂದರೆ ಬೌದ್ಧಿಕ ಬೆಳವಣಿಗೆಯ ತೊಂದರೆ. ಆರ್14 ಅಂದರೆ ತುರ್ತು ಸ್ಥಿತಿಯಲ್ಲಿರುವ ಕೂಸು. 2022ರಿಂದ ಆ ಕೂಸುಗಳ ರಕ್ತವೆಲ್ಲ ಎಕ್ಸೆಟರ್‌ನ ಲ್ಯಾಬಿಗೆ ಹೋಗಿ ಕೆಲವೇ ದಿನಗಳಲ್ಲಿ ಉತ್ತರ ಬರುತ್ತದೆ. ಕೋಡ್ ತಪ್ಪಿದರೆ ನೋಡುವ ಜೀನುಗಳೇ ತಪ್ಪುತ್ತವೆ. "ಬೆಳವಣಿಗೆ ಸರಿಯಿಲ್ಲ" ಅಂತಷ್ಟೇ ಬರೆದರೆ ಯಾರಿಗೂ ಉಪಯೋಗವಿಲ್ಲ. ಒಂದೂವರೆ ವರ್ಷಕ್ಕೂ ನಡೆದಿಲ್ಲ, ತಲೆಯ ಸುತ್ತಳತೆ ಕಡಿಮೆ, ಆರು ತಿಂಗಳಿಂದ ಫಿಟ್ಸ್ ಅಂತ ಬಿಡಿಸಿ ಬರೆಯಬೇಕು. ಒಬ್ಬೊಬ್ಬರ ಜೀನೋಮಿನಲ್ಲೂ 40–50 ಲಕ್ಷ ವ್ಯತ್ಯಾಸಗಳಿರುತ್ತವೆ. ಅವನ್ನು ಬೆರಳೆಣಿಕೆಗೆ ಇಳಿಸುವುದು ಆ ಸಾಲುಗಳೇ.

ಊರಲ್ಲಿ ಮೆಷಿನ್ನಿಗೆ ಬರವಿಲ್ಲ. ಖಾಸಗಿ ಲ್ಯಾಬಿನವರು ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ, ರಿಪೋರ್ಟು ವಾಟ್ಸಾಪಿಗೆ ಬರುತ್ತದೆ. ಅದರಲ್ಲಿ ಮೂರನೇ ದರ್ಜೆಯ, ಅಂದರೆ ಕೆಟ್ಟದ್ದೋ ನಿರುಪದ್ರವಿಯೋ ತೀರ್ಮಾನವಾಗದ, ಒಂದು ಬದಲಾವಣೆ ಇರುತ್ತದೆ. ಅದನ್ನು ನೆಚ್ಚಿ ಚಿಕಿತ್ಸೆಯನ್ನಾಗಲಿ ಬಸಿರಿನ ತೀರ್ಮಾನವನ್ನಾಗಲಿ ಮಾಡಬಾರದು. ಆದರೆ ಹಾಗಂತ ಎದುರು ಕೂತು ಹೇಳುವವರು ಯಾರು? ಮನೆಯವರು ಜೀನಿನ ಹೆಸರನ್ನು ಗೂಗಲ್ ಮಾಡುತ್ತಾರೆ, ಸಂಜೆಯೊಳಗೆ ಇಡೀ ಮನೆತನಕ್ಕೆ ಕಾಯಿಲೆ ಹತ್ತಿರುತ್ತದೆ. ಆಯುಷ್ಮಾನ್ ಕಾರ್ಡು ಆಸ್ಪತ್ರೆಗೆ ಸೇರಿದವರಿಗೆ. ಹೊರರೋಗಿಯಾಗಿ ಒಂದು ಗಂಟೆ ಕೂತು ವಂಶವೃಕ್ಷ ಬರೆಸಿಕೊಳ್ಳುವುದಕ್ಕೆ ಅದು ಆಗಿಬರುವುದಿಲ್ಲ.

ಇಷ್ಟೆಲ್ಲ ಹೊಗಳಿದ ಮೇಲೆ ಒಪ್ಪಿಕೊಳ್ಳಬೇಕಾದದ್ದೂ ಇದೆ. ತುರ್ತಿಲ್ಲದ ಮಕ್ಕಳು ಇಂಗ್ಲೆಂಡಿನಲ್ಲಿ ತಿಂಗಳುಗಟ್ಟಲೆ ಕಾಯುತ್ತಾರೆ. ಇವರ 1 ಲಕ್ಷ ಜೀನೋಮ್ ಯೋಜನೆಯ ಪ್ರಾಯೋಗಿಕ ಹಂತದ ಫಲಿತಾಂಶ 2021ರಲ್ಲಿ ಬಂತು: 2,183 ಕುಟುಂಬಗಳಲ್ಲಿ ಉತ್ತರ ಸಿಕ್ಕಿದ್ದು ಸುಮಾರು ಕಾಲು ಭಾಗಕ್ಕೆ. ನಮ್ಮವರ ವಿಷಯಕ್ಕೆ ಬಂದರೆ ಇನ್ನೊಂದು ತೊಡಕು. ಒಂದು ಬದಲಾವಣೆ ಅಪರೂಪದ್ದೋ ಅಲ್ಲವೋ ಅಂತ ನೋಡುವ ಸಂಗ್ರಹಗಳಲ್ಲಿ ಯುರೋಪಿನವರೇ ಹೆಚ್ಚು. ಹೃದಯದ ಸ್ನಾಯುವಿನ ಎಂವೈಬಿಪಿಸಿ3 ಜೀನಿನಲ್ಲಿ ಡಿಎನ್ಎಯ 25 ಅಕ್ಷರ ಬಿಟ್ಟುಹೋದ ಒಂದು ಬದಲಾವಣೆ ದಕ್ಷಿಣ ಏಷ್ಯಾದವರಲ್ಲಿ ನೂರಕ್ಕೆ ನಾಲ್ವರಲ್ಲಿದೆ. ಯುರೋಪಿನವರನ್ನಷ್ಟೇ ನೋಡಿದವರಿಗೆ ಅದು ಕಣ್ಣಿಗೇ ಬೀಳದು. ಇಂಥದ್ದು ನಮ್ಮವರಲ್ಲಿ ಕಂಡಾಗ ಅಪರೂಪದ್ದೆಂದು ಅನುಮಾನ ಹುಟ್ಟುತ್ತದೆ. ನಮ್ಮ ಕೂಸುಗಳ ರಿಪೋರ್ಟಿನಲ್ಲಿ ಮೂರನೇ ದರ್ಜೆ ಜಾಸ್ತಿಯಾಗುವುದು ಹೀಗೆ. ಇದಕ್ಕೆ ಮದ್ದು ಬರಬೇಕಾದ್ದು ಊರಿಂದಲೇ. ಭಾರತೀಯ ವಿಜ್ಞಾನ ಸಂಸ್ಥೆಯ ಅಂಗಳದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆ 80ಕ್ಕೂ ಹೆಚ್ಚು ಸಮುದಾಯಗಳ ಸುಮಾರು 10,000 ಜನರ ಜೀನೋಮ್ ಓದಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟಿತು.

ಇನ್ನೊಂದನ್ನು ಒಪ್ಪಿಕೊಳ್ಳದೆ ವಿಧಿಯಿಲ್ಲ. ವಂಶವೃಕ್ಷ ಮೂರು ತಲೆಮಾರಿನದು ಬೇಕು ಅಂದಾಗ ಇಲ್ಲಿನವರಿಗೆ ಅಜ್ಜನ ತಮ್ಮಂದಿರ ಹೆಸರು ಬರುವುದಿಲ್ಲ. ನಮ್ಮವರು ಊರಿಗೆ ಫೋನ್ ಹಚ್ಚಿ ಅಜ್ಜಿಯನ್ನು ಸ್ಪೀಕರಿಗೆ ಹಾಕುತ್ತಾರೆ. ಯಾರನ್ನು ಯಾರಿಗೆ ಕೊಟ್ಟದ್ದು, ತೊಟ್ಟಿಲಲ್ಲೇ ಹೋದ ಕೂಸುಗಳೆಷ್ಟು, ಯಾವ ಚಿಕ್ಕಮ್ಮನಿಗೆ ಎರಡು ಸಲ ನಿಲ್ಲಲಿಲ್ಲ, ಎಲ್ಲ ಹತ್ತು ನಿಮಿಷದಲ್ಲಿ. ಕೊನೆಗೆ ಅಜ್ಜಿಯದೊಂದು ಅನುಮಾನ: "ಇಷ್ಟೆಲ್ಲ ಯಾಕೆ ಕೇಳ್ತಿದ್ದೀರಿ? ಯಾರಿಗೆ ಗಂಡು ನೋಡ್ತಿದ್ದೀರಿ?"