ಇಂಡಿಯಾ ಗೇಟ್ ಮೇಲೆ ಯಾರ ಹೆಸರಿದೆ?

ಆಗಸ್ಟ್ 15 ಹತ್ತಿರ ಬಂದರೆ ವಾಟ್ಸಾಪಿನಲ್ಲಿ ಒಂದು ಸಂದೇಶ ಸುತ್ತತೊಡಗುತ್ತದೆ: ಇಂಡಿಯಾ ಗೇಟ್ ಮೇಲೆ 95,300 ಸ್ವಾತಂತ್ರ್ಯ ಹೋರಾಟಗಾರರ ಹೆಸರಿದೆ, ಅದರಲ್ಲಿ ಇಂಥ ಧರ್ಮದವರು ಇಷ್ಟು, ಇಂಥ ಜಾತಿಯವರು ಇಷ್ಟು. ಇದು ಶುದ್ಧ ಸುಳ್ಳು. ಕಮಾನಿನ ಮೇಲ್ಗಡೆಯೇ ಫ್ರಾನ್ಸ್, ಫ್ಲಾಂಡರ್ಸ್, ಮೆಸಪೊಟೇಮಿಯಾ, ಪೂರ್ವ ಆಫ್ರಿಕಾ, ಗಲಿಪೊಲಿ ಎಂದು ಕೆತ್ತಿದ್ದಾರೆ. ನಮ್ಮ ಸ್ವಾತಂತ್ರ್ಯ ಹೋರಾಟ ಟರ್ಕಿಯ ಗಲಿಪೊಲಿಯಲ್ಲಿ ಯಾವಾಗ ನಡೆಯಿತು ಸ್ವಾಮಿ?

1921ರಲ್ಲಿ ಅಡಿಗಲ್ಲು ಹಾಕಿ 1931ರಲ್ಲಿ ಉದ್ಘಾಟಿಸಿದ ಈ 42 ಮೀಟರ್ ಕಮಾನು ಬ್ರಿಟಿಷರ ಇಂಡಿಯನ್ ಆರ್ಮಿಯ ಯುದ್ಧಸ್ಮಾರಕ. ಮೊದಲ ಮಹಾಯುದ್ಧದಲ್ಲಿ ಸತ್ತ ಭಾರತೀಯ ಸೈನಿಕರು 70,000ಕ್ಕೂ ಹೆಚ್ಚು. ಕಲ್ಲಿನ ಮೇಲಿರುವ ಹೆಸರು ಮಾತ್ರ 13,000 ಚಿಲ್ಲರೆ. ಏಕೆಂದರೆ ಹೆಚ್ಚಿನವು ವಾಯವ್ಯ ಗಡಿಯಲ್ಲಿ, ಅದರಾಚೆ ಮತ್ತು 1919ರ ಅಫ್ಘನ್ ಯುದ್ಧದಲ್ಲಿ ಸತ್ತು, ಸಮಾಧಿ ಎಲ್ಲಿದೆಯೆಂದೇ ಗೊತ್ತಿಲ್ಲದವರವು. ಫ್ರಾನ್ಸಿನಲ್ಲಿ ಸತ್ತವರ ಹೆಸರು ಅಲ್ಲಿನ ನವ್ ಶಪೆಲ್ ಸ್ಮಾರಕದಲ್ಲಿದೆ, ಇರಾಕಿನಲ್ಲಿ ಸತ್ತವರ ಸ್ಮಾರಕ ಬಸ್ರಾದಲ್ಲಿ. ಇದು ತಿಳಿಯದೆ ಮುತ್ತಾತನ ಹೆಸರನ್ನು ಇಲ್ಲಿ ಹುಡುಕಿ ಬೇಸರಪಟ್ಟು ಹೋಗುವವರಿದ್ದಾರೆ.

ಹುಡುಕುವುದಿದ್ದರೆ ದೆಹಲಿಗೆ ಹೋಗುವ ಮೊದಲೇ ಮಾಡಿ. ಮೇಲಿನ ಸಾಲುಗಳು ಕೆಳಗೆ ನಿಂತವರಿಗೆ ಓದಲು ಬರುವುದಿಲ್ಲ. ಯುದ್ಧದಲ್ಲಿ ಮಡಿದವರ ಸಮಾಧಿ, ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣದಲ್ಲಿ ಉಚಿತವಾಗಿ ಹುಡುಕಬಹುದು. ಆ ಜಾಲತಾಣದಲ್ಲಿ ಇಂಡಿಯಾ ಗೇಟ್‌ನ ಹೆಸರು 'ಡೆಲ್ಲಿ ಮೆಮೋರಿಯಲ್' ಎಂದಿರುತ್ತದೆ. ಎಡವುವುದು ಸ್ಪೆಲ್ಲಿಂಗಿನಲ್ಲಿ. ಅಂದಿನ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದುಕೊಂಡರು, ಎಷ್ಟೋ ಜನರಿಗೆ ಒಂದೇ ಹೆಸರು. ರೆಜಿಮೆಂಟು, ಸಾಧ್ಯವಾದರೆ ಸರ್ವಿಸ್ ನಂಬರು ಹಿಡಿದು ಹುಡುಕುವುದೇ ಮೇಲು.

ಗೊಂದಲಕ್ಕೆ ಇನ್ನೊಂದು ಕಾರಣ ಅಮರ್ ಜವಾನ್ ಜ್ಯೋತಿ. ಅದು 1971ರ ಯುದ್ಧದ ನೆನಪಿಗೆ 1972ರಲ್ಲಿ ಕಮಾನಿನಡಿ ಸೇರಿದ್ದು. 2022ರ ಜನವರಿಯಲ್ಲಿ ಪಕ್ಕದ ರಾಷ್ಟ್ರೀಯ ಯುದ್ಧಸ್ಮಾರಕದ ಜ್ಯೋತಿಯೊಂದಿಗೆ ವಿಲೀನವಾಯಿತು. 1947ರ ನಂತರ ಮಡಿದವರ ಹೆಸರು ಬೇಕಿದ್ದರೆ 2019ರಲ್ಲಿ ತೆರೆದ ಆ ಸ್ಮಾರಕಕ್ಕೆ ಹೋಗಿ. ಅಲ್ಲಿ ಹೆಸರು ಕೆತ್ತಿದ ಗೋಡೆಗಳ ವೃತ್ತವಾದ ತ್ಯಾಗ ಚಕ್ರದ ಗ್ರಾನೈಟ್ ಫಲಕಗಳನ್ನು ಹತ್ತಿರದಿಂದಲೇ ಓದಬಹುದು. ಸೆಲ್ಫಿಗೆ ಕಮಾನು ಚೆಂದ ಇರಬಹುದು, ಆದರೆ ಒಂದೇ ಗಂಟೆ ಸಮಯವಿದ್ದರೆ ಅದನ್ನು ಈ ಹೊಸ ಸ್ಮಾರಕದಲ್ಲಿ ಕಳೆಯಿರಿ ಎನ್ನುತ್ತೇನೆ.

ಕನ್ನಡಿಗರು ಇಷ್ಟು ದೂರ ಬಂದು ತೀನ್ ಮೂರ್ತಿ ಚೌಕ ನೋಡದೆ ಹೋಗುವುದು ಮಾತ್ರ ನನಗೆ ಸಹಿಸಲಾಗದು. ಅಲ್ಲಿನ ಮೂರು ಕಂಚಿನ ಸೈನಿಕರು ಹೈದರಾಬಾದ್, ಜೋಧಪುರ ಮತ್ತು ನಮ್ಮ ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ಪಡೆಗಳ ಪ್ರತಿನಿಧಿಗಳು. 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನ ಹೈಫಾ ಪಟ್ಟಣ ಗೆದ್ದಾಗ ಕಾರ್ಮೆಲ್ ಬೆಟ್ಟ ಹತ್ತಿ ಶತ್ರುವಿನ ಫಿರಂಗಿಗಳ ಮೇಲೆ ಬಿದ್ದವರು ಮೈಸೂರಿನ ಸವಾರರು. ಅದೇ ಲ್ಯಾನ್ಸರ್ಸ್‌ಗೆ ಬೆಂಗಳೂರಿನ ಜೆ.ಸಿ. ನಗರದಲ್ಲೂ ಒಂದು ಸ್ಮಾರಕಸ್ತಂಭವಿದೆ, ಅದಕ್ಕಂತೂ ರೈಲು ಟಿಕೆಟ್ ಬೇಕಿಲ್ಲ.