ಗೂಗಲ್‌ಗೆ ರೊಕ್ಕ ಕಟ್ಟೋ ಮೊದಲು ಅಂಗಡಿ ಲೆಕ್ಕ ನೋಡ್ರಿ

ನಮ್ಮ ಕಲಬುರಗಿಯ ಸಣ್ಣ ಅಂಗಡಿಕಾರರಿಗೆ ಈಗ ಮೇಲಿಂದ ಮೇಲೆ ಒಂದು ಫೋನ್ ಬರುತ್ತದೆ: "ನಿಮ್ಮ ಅಂಗಡೀನ ಗೂಗಲ್‌ನಲ್ಲಿ ಫಸ್ಟ್ ತರ್ತೀವಿ ಸರ್, ತಿಂಗಳಿಗೆ ಇಷ್ಟು." ಕೆಲವರು ಕೊಡುತ್ತಾರೆ. ಒಂದೆರಡು ತಿಂಗಳಲ್ಲಿ ಕೈಸುಟ್ಟುಕೊಂಡು, ಇದೆಲ್ಲ ಬೆಂಗಳೂರಿನವರಿಗೆ ಸರಿ, ನಮಗಲ್ಲ ಅಂತ ಬಿಟ್ಟುಬಿಡುತ್ತಾರೆ. ಕೊಟ್ಟದ್ದೂ ಆತುರ, ಬಿಟ್ಟದ್ದೂ ಆತುರ.

ನಾನು ಅಂಗಡಿಗಳ ಜಿಎಸ್‌ಟಿ, ಲೆಕ್ಕಪತ್ರ ನೋಡಿಕೊಳ್ಳುವವನು. ಜಾಹೀರಾತಿನ ಬಿಲ್ಲು, ಆ ತಿಂಗಳ ವ್ಯಾಪಾರ ಎರಡೂ ಒಟ್ಟಿಗೇ ನನ್ನ ಮುಂದೆ ಬರುತ್ತವೆ. ಅದನ್ನು ನೋಡಿ ನೋಡಿ ನನಗೆ ಖಾತ್ರಿಯಾಗಿರುವುದು ಇಷ್ಟು: ಸರ್ಚ್ ಜಾಹೀರಾತು (ಗೂಗಲ್‌ನಲ್ಲಿ ಏನಾದರೂ ಹುಡುಕಿದಾಗ ಕಾಣುವ, ಯಾರಾದರೂ ಒತ್ತಿದರೆ ಅಂಗಡಿಯವರು ರೊಕ್ಕ ಕಟ್ಟುವ ಜಾಹೀರಾತು) ನಿಮಗೆ ಒಗ್ಗುತ್ತದೋ ಇಲ್ಲವೋ ಅನ್ನುವುದಕ್ಕೆ ಮೊದಲು ಕೇಳಬೇಕಾದದ್ದು, ಒಬ್ಬ ಗಿರಾಕಿಯಿಂದ ಖರ್ಚು ಕಳೆದು ನಿಮ್ಮ ಕೈಯಲ್ಲಿ ಎಷ್ಟು ಉಳಿಯುತ್ತದೆ ಅಂತ. ಅಂಗಡಿ ದೊಡ್ಡದೋ ಸಣ್ಣದೋ ಅನ್ನುವುದು ಆಮೇಲಿನ ಮಾತು.

ಸೇಡಂ ರಸ್ತೆಯ ಕಡೆ ಆರ್‌ಒ ವಾಟರ್ ಫಿಲ್ಟರ್ ಮಾರಿ, ರಿಪೇರಿಯನ್ನೂ ಮಾಡುವ ಹುಡುಗನೊಬ್ಬ ಇದ್ದಾನೆ. ಜಾಹೀರಾತು ಶುರು ಮಾಡಿದ ಮೇಲೆ ಒಂದು ಸಲ ಬಂದು, "ಅಣ್ಣಾ, ಫೋನ್ ಬರ್ಲತ್ತಾವ, ಆದ್ರ ರೊಕ್ಕ ಉಳಿವಲ್ದು" ಅಂದ. ಕೂತು ಲೆಕ್ಕ ಹಾಕಿದೆವು. ತಿಳಿಯಲಿಕ್ಕೆ ಸುಲಭವಾಗಲಿ ಅಂತ ಇಲ್ಲಿ ದುಂಡು ಅಂಕಿ ಇಡುತ್ತೇನೆ. ಜಾಹೀರಾತಿನ ಮೇಲೆ ಒಂದು ಕ್ಲಿಕ್‌ಗೆ 15 ರೂಪಾಯಿ ಅನ್ನಿ. ಹತ್ತು ಜನ ಒತ್ತಿದರೆ ಒಬ್ಬ ಫೋನ್ ಮಾಡುತ್ತಾನೆ, ಮೂವರು ಫೋನ್ ಮಾಡಿದರೆ ಒಬ್ಬ ಕೆಲಸ ಕೊಡುತ್ತಾನೆ. ಅಲ್ಲಿಗೆ ಒಂದು ಕೆಲಸಕ್ಕೆ ಜಾಹೀರಾತಿನ ಖರ್ಚೇ 450 ರೂಪಾಯಿ. ಫಿಲ್ಟರ್, ಪೆಟ್ರೋಲ್, ಕೆಲಸದವನ ಕೂಲಿ ಕಳೆದರೆ ರಿಪೇರಿಯಲ್ಲಿ ಉಳಿಯುವುದು 300. ಹೆಚ್ಚು ಫೋನ್ ಬಂದಷ್ಟೂ ಹೆಚ್ಚು ನಷ್ಟ. ಅದೇ ಹುಡುಗ ಹೊಸ ಮಷೀನ್ ಮಾರಿದರೆ 2,000 ಉಳಿಯುತ್ತದೆ, ಮುಂದೆ ವರ್ಷ ವರ್ಷ ಸರ್ವಿಸೂ ಅವನಿಗೇ ಬರುತ್ತದೆ. ಅಲ್ಲಿ 450 ಕೊಡುವುದು ಒಳ್ಳೆಯ ವ್ಯಾಪಾರ. ಅಂಗಡಿ ಒಂದೇ, ಊರು ಒಂದೇ. ಯಾವ ಹುಡುಕಾಟಕ್ಕೆ ರೊಕ್ಕ ಕೊಡುತ್ತೀರಿ ಅನ್ನುವುದರ ಮೇಲೆ ಉತ್ತರ ಬದಲಾಯಿತು.

ಇದರ ಮೇಲೆ ತೆರಿಗೆ ಬೇರೆ. ಮುಂಗಡ 5,000 ಕಟ್ಟಿದರೆ ಅದರಲ್ಲೇ ಶೇ. 18 ಜಿಎಸ್‌ಟಿ ಮುರಿದು, ಜಾಹೀರಾತಿಗೆ ಸಿಗುವುದು ಸುಮಾರು 4,237 ರೂಪಾಯಿ. ರೆಗ್ಯುಲರ್ ಜಿಎಸ್‌ಟಿ ಇದ್ದವರು ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಂಡು, ವಾಪಸ್ ಪಡೆಯಬಹುದು. ಕಾಂಪೊಸಿಷನ್‌ನಲ್ಲಿ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದ ತೆರಿಗೆ ಕಟ್ಟುವ ಯೋಜನೆ) ಇರುವವರಿಗೆ, ನೋಂದಣಿಯೇ ಇಲ್ಲದವರಿಗೆ ಆ ದಾರಿ ಇಲ್ಲ. ನಮ್ಮಲ್ಲಿ ಸಣ್ಣ ಅಂಗಡಿಕಾರರು ಬಹಳ ಮಂದಿ ಈ ಎರಡನೇ ಗುಂಪಿನವರೇ. ಅವರಿಗೆ 15ರ ಕ್ಲಿಕ್ ಅಸಲಿಗೆ 17 ರೂಪಾಯಿ 70 ಪೈಸೆ.

ಇನ್ನೊಂದು ಮಾತು. ಸರ್ಚ್ ಜಾಹೀರಾತು ಆಸೆ ಹುಟ್ಟಿಸುವುದಿಲ್ಲ, ಆಗಲೇ ಹುಡುಕುತ್ತಿರುವವನ ಮುಂದೆ ನಿಮ್ಮನ್ನು ನಿಲ್ಲಿಸುತ್ತದೆ. ಮದುವೆ ಸೀರೆಗೆ ಕಪಡಾ ಬಜಾರಕ್ಕೆ ಹೋಗುವವರು ಮನೆಯಿಂದಲೇ ಹೊರಟು, ನಾಲ್ಕು ಅಂಗಡಿ ಹತ್ತಿ ಇಳಿದು ಕೊಳ್ಳುತ್ತಾರೆ. ಅಂಥ ಅಂಗಡಿಗೆ ಹೊಸ ಮಾಲಿನ ಫೋಟೊ ವಾಟ್ಸಾಪ್‌ನಲ್ಲಿ ಹಳೇ ಗಿರಾಕಿಗಳಿಗೆ ಕಳಿಸುವುದೇ ಹೆಚ್ಚು ಫಲ ಕೊಡುತ್ತದೆ. ಬೀದರಿನ ಬಿದ್ರಿ ಕೆಲಸದವರ ಕಥೆ ಇದಕ್ಕೆ ಪೂರಾ ಉಲ್ಟಾ. ಬೀದರಿನಲ್ಲೇ ಕೂತು ಬಿದ್ರಿ ಹೂದಾನಿ ಹುಡುಕುವವರು ಎಷ್ಟು ಮಂದಿ? ಕೊಳ್ಳುವವರು ಬೆಂಗಳೂರು, ಹೈದರಾಬಾದ್, ದೆಹಲಿಯಲ್ಲಿ ಇದ್ದಾರೆ, ಕಂಪನಿಗಳಿಗೆ ಉಡುಗೊರೆ ಕೊಡಲು ಹುಡುಕುತ್ತಾರೆ, ಒಂದೊಂದು ಆರ್ಡರಿನ ಬೆಲೆಯೂ ದೊಡ್ಡದು. ಆ ಊರುಗಳಿಗೆ ಜಾಹೀರಾತು ತಿರುಗಿಸಿ, ಬೆಲೆ, ಫೋಟೊ, ಕೊರಿಯರ್ ವಿವರ ಸರಿಯಾಗಿ ಹಾಕಿದ ಪುಟ ಒಂದು ಇದ್ದರೆ ನಾನು ಖಂಡಿತ ಮಾಡಿ ನೋಡ್ರಿ ಅನ್ನುತ್ತೇನೆ. ಜಿಐ (ಊರಿನ ಹೆಸರಿನ ಮೇಲೆ ಸಿಗುವ ಭೌಗೋಳಿಕ ಗುರುತು) ಪಡೆದ ನಮ್ಮ ತೊಗರಿಯ ಬೇಳೆಯನ್ನು ಕಿಲೋ ಲೆಕ್ಕದಲ್ಲಿ ಆನ್‌ಲೈನ್ ಮಾರುವವರಿಗೆ ಅನ್ನುವುದಿಲ್ಲ. ಒಂದು ಕಿಲೋದಲ್ಲಿ ಉಳಿಯುವ ರೊಕ್ಕ ಒಂದೆರಡು ಕ್ಲಿಕ್‌ಗೇ ಮುಗಿದುಹೋಗುತ್ತದೆ. ಯಾದಗಿರಿಯಂಥ ಊರಲ್ಲಿ ಕೆಲವು ಪದಗಳನ್ನು ಹುಡುಕುವವರೇ ಇಷ್ಟು ಕಡಿಮೆ ಅಂದರೆ, ಗೂಗಲ್ ಆ ಪದಕ್ಕೆ ಜಾಹೀರಾತನ್ನೇ ತೋರಿಸುವುದಿಲ್ಲ. ಯಾವ ಪದವನ್ನು ಎಷ್ಟು ಮಂದಿ ಹುಡುಕುತ್ತಾರೆ ಅಂತ ತೋರಿಸುವ ಗೂಗಲ್‌ನ ಕೀವರ್ಡ್ ಪ್ಲಾನರ್ ಪುಕ್ಕಟೆ ಸಿಗುತ್ತದೆ, ಮೊದಲೇ ನೋಡಿಕೊಳ್ಳಿ.

ಆ ಹುಡುಗನ ಖಾತೆ ತೆಗೆದು, ಜನ ನಿಜವಾಗಿ ಏನು ಬರೆದು ಹುಡುಕಿದ್ದರು ಅನ್ನುವ ಪಟ್ಟಿ ನೋಡಿದಾಗ ನನಗೆ ಹೊಟ್ಟೆ ಉರಿಯಿತು. ದೊಡ್ಡ ಕಂಪನಿಗಳ ಕಸ್ಟಮರ್ ಕೇರ್ ನಂಬರ್ ಹುಡುಕಿದವರು, ಆರ್‌ಒ ಟೆಕ್ನಿಷಿಯನ್ ನೌಕರಿ ಹುಡುಕಿದವರು, ಮಷೀನ್ ತಾವೇ ರಿಪೇರಿ ಮಾಡುವುದು ಹ್ಯಾಂಗ ಅಂತ ಕೇಳಿದವರು. ಎಲ್ಲರ ಕ್ಲಿಕ್ಕಿಗೂ ಇವನೇ ರೊಕ್ಕ ಕೊಟ್ಟಿದ್ದ. ಇಂಥ ಪದಗಳನ್ನು ನೆಗೆಟಿವ್ ಕೀವರ್ಡ್ ಪಟ್ಟಿಗೆ ಹಾಕಿದರೆ ಆ ಹುಡುಕಾಟಗಳಿಗೆ ಜಾಹೀರಾತು ಹೋಗುವುದಿಲ್ಲ. ಐದು ನಿಮಿಷದ ಕೆಲಸ, ಇವನ ಜಾಹೀರಾತು ನಡೆಸುತ್ತಿದ್ದವರು ಮಾಡಿರಲಿಲ್ಲ. ಲೊಕೇಶನ್ ಸೆಟ್ಟಿಂಗೂ ಹಾಗೇ ಬಿಟ್ಟಿದ್ದರು. ತಾನಾಗಿ ಬರುವ ಆಯ್ಕೆಯಲ್ಲಿ ಊರಲ್ಲಿ ಇರುವವರ ಜೊತೆಗೆ ಊರಿನ ಬಗ್ಗೆ ಆಸಕ್ತಿ ತೋರಿಸಿದವರೂ ಸೇರುತ್ತಾರೆ. ಪುಣೆಯಲ್ಲಿ ಕೂತು ಕಲಬುರಗಿ ಅಂತ ಹುಡುಕಿದವನಿಗೂ ಇವನ ಜಾಹೀರಾತು ಕಾಣಬಹುದು. ಊರಲ್ಲಿ ಇರುವವರಿಗೆ ಮಾತ್ರ ಅಂತ ಬದಲಿಸಿ. ಊರಿನ ಹೆಸರು 2014ರಲ್ಲೇ ಕಲಬುರಗಿ ಆದರೂ ಹುಡುಕುವಾಗ ಗುಲ್ಬರ್ಗಾ ಅಂತಲೇ ಬರೆಯುವವರು ಇನ್ನೂ ಇದ್ದಾರೆ, ಎರಡೂ ಹೆಸರು ಹಾಕಿರಿ. ದಿನದ ಬಜೆಟ್ 300 ಇಟ್ಟಿದ್ದರೆ ಒಂದೊಂದು ದಿನ 600ರ ತನಕ ಹೋಗಬಹುದು, ಗಾಬರಿ ಬೇಡ. ತಿಂಗಳಿಗೆ 30.4 ದಿನದ ಲೆಕ್ಕ ಹಿಡಿಯುತ್ತಾರೆ, ಅಂದರೆ ತಿಂಗಳ ಖರ್ಚು 9,120 ರೂಪಾಯಿ ದಾಟುವುದಿಲ್ಲ.

ನನಗೆ ನಿಜವಾಗಿ ಸಿಟ್ಟು ಬರುವುದು ಖಾತೆಯ ವಿಷಯದಲ್ಲಿ. ಇವನ ಜಾಹೀರಾತು ನಡೆಸುತ್ತಿದ್ದವರು ಖಾತೆಯನ್ನು ತಮ್ಮ ಹೆಸರಿನಲ್ಲೇ ಇಟ್ಟುಕೊಂಡಿದ್ದರು. ಗೂಗಲ್‌ಗೆ ಎಷ್ಟು ಹೋಯಿತು, ಅವರ ಸಂಬಳ ಎಷ್ಟು, ಏನೂ ತಿಳಿಯುತ್ತಿರಲಿಲ್ಲ. ಗೂಗಲ್ ಬಿಲ್ ಅವರ ಹೆಸರಿಗೆ ಬರುತ್ತಿತ್ತು. ಲಾಗಿನ್ ಕೊಡಲಿಕ್ಕೆ ಬಹಳ ಸತಾಯಿಸಿದರು. ಖಾತೆ ನಿಮ್ಮ ಇಮೇಲ್‌ನಲ್ಲಿ, ನಿಮ್ಮ ಜಿಎಸ್‌ಟಿ ನಂಬರಿನಲ್ಲಿ ಇರಲಿ. ನಡೆಸುವವರಿಗೆ ಅದರೊಳಗೆ ಕೆಲಸ ಮಾಡುವ ಅನುಮತಿ ಕೊಟ್ಟರೆ ಸಾಕು. ಒಪ್ಪದವರಿಗೆ ಕೆಲಸ ಕೊಡಬೇಡಿ.

ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಅಂಗಡಿಯ ಬಿಸಿನೆಸ್ ಪ್ರೊಫೈಲ್ ಪುಕ್ಕಟೆ. ಅದಕ್ಕೆ ರೊಕ್ಕ ಕಟ್ಟದಿದ್ದರೆ ಬಂದ್ ಆಗುತ್ತದೆ ಅಂತ ಯಾರಾದರೂ ಫೋನ್ ಮಾಡಿದರೆ ಅದು ಮೋಸ. ಸರಿಯಾದ ಸಮಯ, ನಂಬರ್, ಅಂಗಡಿಯ ನಾಲ್ಕು ಫೋಟೊ, ಗಿರಾಕಿಗಳ ರಿವ್ಯೂಗೆ ಉತ್ತರ ಇಷ್ಟು ಮೊದಲು ಮಾಡಿಕೊಳ್ಳಿ. ಮತ್ತೆ ಫೋನ್ ಎತ್ತಲಿಕ್ಕೆ ಒಬ್ಬರು ಬೇಕು. ಕ್ಲಿಕ್‌ಗೆ ರೊಕ್ಕ ಕೊಟ್ಟು ಕರೆ ತಪ್ಪಿಸಿಕೊಂಡರೆ ಆ ಗಿರಾಕಿ ಮುಂದಿನ ನಂಬರಿಗೆ ಹೋಗುತ್ತಾನೆ.

ಹುಡುಗ ಈಗ ರಿಪೇರಿಗೆ ಜಾಹೀರಾತು ಪೂರಾ ನಿಲ್ಲಿಸಿದ್ದಾನೆ, ಆ ಫೋನುಗಳು ಮ್ಯಾಪ್‌ನಿಂದ ಹ್ಯಾಂಗೂ ಬರುತ್ತವೆ. ಹೊಸ ಮಷೀನಿಗೆ ಮಾತ್ರ, ಬಿಸಿಲು ಏರುವ ಮಾರ್ಚ್‌ನಿಂದ ಜೂನ್ ತನಕ, ಅಂಗಡಿ ತೆರೆದಿರುವ ಹೊತ್ತಿನಲ್ಲಷ್ಟೇ ಹಾಕುತ್ತಾನೆ. ಫೋನ್ ಮಾಡಿದ ಪ್ರತಿಯೊಬ್ಬರಿಗೂ ನಮ್ಮ ನಂಬರ್ ಎಲ್ಲಿ ಸಿಕ್ತು ಅಂತ ಕೇಳಿ ವಹಿಯಲ್ಲಿ ಬರೆದಿಡುತ್ತಾನೆ, ತಿಂಗಳ ಕೊನೆಗೆ ಆ ವಹಿ ನನ್ನ ಹತ್ತಿರ ತರುತ್ತಾನೆ.