ಲೈಸೆನ್ಸ್ ರಿನ್ಯೂ ಆಯ್ತು, ಇಂಜಿನಿಯರ್ ಆಗಲಿಲ್ಲ

ಹೋದ ವಾರ ಕಟ್ಟಡದ ನಕ್ಷೆಗೆ ಸಹಿ ಹಾಕುವ ನನ್ನ ಇಂಜಿನಿಯರ್ ಲೈಸೆನ್ಸ್ ರಿನ್ಯೂ ಮಾಡಿಸಿಕೊಂಡು ಬಂದೆ. ಹಳೇ ಲೈಸೆನ್ಸಿನ ಝೆರಾಕ್ಸ್, ಡಿಪ್ಲೊಮಾ ಸರ್ಟಿಫಿಕೇಟಿನ ಝೆರಾಕ್ಸ್, ಎರಡು ಫೋಟೊ, ಹಣ ಕಟ್ಟಿದ ರಸೀದಿ. ಅಷ್ಟೇ. ಕೌಂಟರಿನಲ್ಲಿ ಕೂತಿದ್ದ ಹುಡುಗ ಸರ್ಟಿಫಿಕೇಟ್ ತಿರುಗಿಸಿ ನೋಡಿ, "ಸರ್, ಇದು ನಾ ಹುಟ್ಟೋಕಿಂತ ಮೊದ್ಲಿಂದ ಅದರಿ" ಅಂತ ನಕ್ಕ. ನಾನೂ ನಕ್ಕೆ. ಹೊರಗೆ ಬಂದು ಚಹಾ ಕುಡಿಯುವಾಗ ಆ ಮಾತು ಚುಚ್ಚತೊಡಗಿತು. ನಾನು ಡಿಪ್ಲೊಮಾ ಮುಗಿಸಿದ್ದು 1995ರಲ್ಲಿ. ಅಲ್ಲಿಂದ ಇಲ್ಲಿವರೆಗೆ ಕಲಬುರಗಿ ಸುತ್ತಮುತ್ತ ಮನೆ, ಅಂಗಡಿ, ಎರಡು ಸಣ್ಣ ಕಲ್ಯಾಣ ಮಂಟಪ ಸೇರಿ ಮುನ್ನೂರರ ಹತ್ತಿರ ನಕ್ಷೆಗಳಿಗೆ ಸಹಿ ಹಾಕಿದ್ದೇನೆ. ಈ ಮೂವತ್ತು ವರ್ಷದಲ್ಲಿ ಹೊಸದೇನು ಓದಿದಿ ಅಂತ ಒಬ್ಬರೂ ಕೇಳಿಲ್ಲ.

ನಾನು ಕಲಿತದ್ದು ಕಾಂಕ್ರೀಟ್ ಕೆಲಸದ ಭಾರತೀಯ ಕೋಡ್ ಐಎಸ್ 456ರ 1978ರ ಆವೃತ್ತಿ. ಆಗ ಆರ್‌ಸಿಸಿಗೆ, ಅಂದರೆ ಸಳಿ ಹಾಕಿದ ಕೆಲಸಕ್ಕೆ, ಎಂ15 ಕಾಂಕ್ರೀಟ್ ನಡೆಯುತ್ತಿತ್ತು. ಅಂದರೆ ನಮ್ಮ ಗೌಂಡಿಗಳು ಕಣ್ಣು ಮುಚ್ಚಿ ಕಲಸುವ 1:2:4 ಮಾಲು: ಒಂದು ಪಾಲು ಸಿಮೆಂಟು, ಎರಡು ಮರಳು, ನಾಲ್ಕು ಜಲ್ಲಿ. 2000ದಲ್ಲಿ ಕೋಡ್ ಬದಲಾಯಿತು. ಎಂ20ಕ್ಕಿಂತ ಕಡಿಮೆ ಹಾಕುವಂತಿಲ್ಲ ಅಂತ ಬಂತು (ಅಂಕಿ ಹೆಚ್ಚಿದಷ್ಟೂ ಕಾಂಕ್ರೀಟ್ ಗಟ್ಟಿ), ಸ್ಲ್ಯಾಬಿನ ಕವರ್, ಅಂದರೆ ಸಳಿಯನ್ನು ಮುಚ್ಚುವ ಕಾಂಕ್ರೀಟಿನ ದಪ್ಪ, 15 ಮಿ.ಮೀ. ಇದ್ದದ್ದು 20 ಆಯಿತು. ನನಗೆ ಇದು ಗೊತ್ತಾದದ್ದು 2004ರಲ್ಲಿ, ಅದೂ ನನ್ನ ಹತ್ತಿರ ಕೆಲಸಕ್ಕೆ ಸೇರಿದ್ದ ಬಿಇ ಹುಡುಗನ ಬಾಯಿಂದ. "ಸರ್, ಎಂ15 ಈಗ ನಡ್ಯಂಗಿಲ್ರಿ" ಅಂದ. ನಾನು ಅವನಿಗೇ ಜೋರು ಮಾಡಿದೆ: "ನೀ ಕಾಲೇಜಿನ್ಯಾಗ ಓದೀದಿ, ನಾ ಸೈಟಿನ್ಯಾಗ ಓದೀನಿ." ಭಾರಿ ಡೈಲಾಗು! ಆ ನಾಲ್ಕು ವರ್ಷದಲ್ಲಿ ನಾನು ಹಾಕಿಸಿದ ಸ್ಲ್ಯಾಬುಗಳ ಕೆಳಗೆ ಜನ ಇವತ್ತಿಗೂ ಮಲಗುತ್ತಾರೆ.

ನನ್ನ ಲೆಕ್ಕಪತ್ರ ನೋಡುವ ಸಿಎ 3 ವರ್ಷಕ್ಕೆ 120 ಗಂಟೆ ಕಲಿಕೆ ತೋರಿಸಬೇಕು. ನಮ್ಮ ರಾಜ್ಯದ ಡಾಕ್ಟರಿಗೆ 5 ವರ್ಷಕ್ಕೆ 30 ಕ್ರೆಡಿಟ್ ಗಂಟೆ. ಜಿಎಸ್‌ಟಿ ಲೆಕ್ಕ ತಪ್ಪಿದರೆ ನೋಟಿಸಾದರೂ ಬರುತ್ತದೆ, ಕಾಲಮಿನ ಲೆಕ್ಕ ತಪ್ಪಿದರೆ ಅದೂ ಇಲ್ಲ. ಆರ್ಕಿಟೆಕ್ಟರಿಗೆ 1972ರ ಕಾಯ್ದೆ ಇದೆ, ಪರಿಷತ್ತಿದೆ. ಆದರೆ ಆ ಕಾಯ್ದೆ ಕಾಯುವುದು ಆರ್ಕಿಟೆಕ್ಟ್ ಅನ್ನುವ ಹೆಸರನ್ನು ಮಾತ್ರ, ವಿನ್ಯಾಸದ ಕೆಲಸವನ್ನು ಬೇರೆಯವರು ಮಾಡಬಾರದೆಂದಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಇಂಜಿನಿಯರರಿಗೆ ಹಾಗೆ ದೇಶಕ್ಕೆಲ್ಲ ಒಂದು ಕಾಯ್ದೆಯೂ ಇಲ್ಲ, ಆಯಾ ಊರಿನ ನಿಯಮ, ಆಯಾ ಊರಿನ ಲೈಸೆನ್ಸು. ಅಂದರೆ ರಿಂಗ್ ರೋಡಿನ ಆಚೆ ಎದ್ದ ಬಡಾವಣೆಗಳೆಲ್ಲ ಬಹುಪಾಲು ನನ್ನಂಥವರ ಸಹಿಯ ಮೇಲೆ ನಿಂತಿವೆ.

ಎರಡಂತಸ್ತಿನ ಮನೆಗೆ ಎಂಥಾ ಹೊಸ ವಿದ್ಯೆ ಅನ್ನುವವರು 1993ರ ಸೆಪ್ಟೆಂಬರ್ 30 ನೆನಪು ಮಾಡಿಕೊಳ್ಳಿ. ಗಣಪತಿ ಕಳಿಸಿ ಬಂದು ಮಲಗಿದ್ದ ರಾತ್ರಿ, ನಸುಕಿನ ನಾಲ್ಕಕ್ಕೆ ಸ್ವಲ್ಪ ಮೊದಲು. ನಾನಾಗ ಡಿಪ್ಲೊಮಾ ಎರಡನೇ ವರ್ಷ. ಹಾಸ್ಟೆಲಿನ ಕಬ್ಬಿಣದ ಮಂಚ ತಾನೇ ಸರಿದಾಗ ಪಕ್ಕದ ಗೆಳೆಯ ಚೇಷ್ಟೆ ಮಾಡುತ್ತಿದ್ದಾನೆ ಅಂದುಕೊಂಡೆ. ಬೆಳಗಾದ ಮೇಲೆ ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪದ ಸುದ್ದಿ ಬಂತು. ಹತ್ತು ಸಾವಿರದ ಹತ್ತಿರ ಜನ ಸತ್ತರು, ಹೆಚ್ಚಿನವರು ತಮ್ಮದೇ ಮನೆಯ ಕಲ್ಲು ಮಣ್ಣಿನ ಗೋಡೆಯ ಕೆಳಗೆ. ಕಲಬುರಗಿಯಿಂದ ನೇರ ಗೆರೆ ಎಳೆದರೆ ಕಿಲ್ಲಾರಿ ನೂರು ಕಿಲೋಮೀಟರ್ ಇಲ್ಲ, ಆಳಂದಕ್ಕೆ ಇನ್ನೂ ಹತ್ತಿರ.

ಅವತ್ತಿನ ಭೂಕಂಪ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ವಲಯ 1ರಲ್ಲಿ, ಅಂದರೆ ಎಲ್ಲಕ್ಕಿಂತ ಕಡಿಮೆ ಭಯದ ಪಟ್ಟಿಯಲ್ಲಿ. 2002ರಲ್ಲಿ ಭೂಕಂಪದ ಕೋಡ್ ಐಎಸ್ 1893 ತಿದ್ದಿದಾಗ ವಲಯ 1 ಅನ್ನುವುದನ್ನೇ ತೆಗೆದುಹಾಕಿದರು. ಕಿಲ್ಲಾರಿ ವಲಯ 3ಕ್ಕೆ ಏರಿತು, ಕಲಬುರಗಿಯನ್ನು ವಲಯ 2ರಲ್ಲಿ ಇಟ್ಟರು. ಮಂಚ ಅಲುಗಿದ್ದು ನನ್ನದೇ, ಆದರೆ ಈ ಬದಲಾವಣೆ ನನಗೆ ತಿಳಿದದ್ದು 2021ರಲ್ಲಿ.

ಆ ವರ್ಷ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ನೆಲದೊಳಗಿಂದ ಗುಡುಗು ಕೇಳಿ ಜನ ಮನೆ ಬಿಟ್ಟು ಬಯಲಲ್ಲಿ ಮಲಗುತ್ತಿದ್ದರಲ್ಲ, ಆಗ ಆ ಭಾಗದ ನನ್ನ ಹಳೇ ಗಿರಾಕಿಯೊಬ್ಬರು ಫೋನ್ ಮಾಡಿದರು. "ಸಾಹೇಬ್ರ, ನಮ್ಮ ಮನಿ ತಡೀತದೇನ್ರಿ? ನೀವೇ ಕಟ್ಟಿಸೀರಲ್ಲ." "ಏನೂ ಆಗಂಗಿಲ್ಲ ಕಾಕಾ, ಆರಾಮ ಇರ್ರಿ" ಅಂದೆ. ಫೋನ್ ಇಟ್ಟ ಮೇಲೆ ಗೊತ್ತಾಯಿತು, ನಾನು ಹೇಳಿದ್ದು ಇಂಜಿನಿಯರನ ಮಾತಲ್ಲ, ಸಮಾಧಾನದ ಮಾತು. ಅವತ್ತು ರಾತ್ರಿ ಮೊದಲ ಸಲ ಐಎಸ್ 13920, ಅಂದರೆ ಭೂಕಂಪ ತಡೆಯುವಂತೆ ಸಳಿ ಕಟ್ಟುವ ಕೋಡ್, ತೆಗೆದು ಓದಿದೆ. ನಲವತ್ತಾರನೇ ವಯಸ್ಸಿಗೆ.

ಅದರಲ್ಲಿ ನನ್ನ ನಿದ್ದೆ ಕೆಡಿಸಿದ್ದು ರಿಂಗು. ಕಾಲಮಿನ ಉದ್ದ ರಾಡುಗಳನ್ನು ಸುತ್ತಿ ಹಿಡಿಯುತ್ತದಲ್ಲ, ಅದೇ. ನಮ್ಮಲ್ಲಿ ಅದರ ತುದಿಯನ್ನು 90 ಡಿಗ್ರಿಗೆ ಬಾಗಿಸಿ ಕಟ್ಟಿಬಿಡುತ್ತಾರೆ. ನೆಲ ಜೋರಾಗಿ ಅಲುಗಿದಾಗ ಮೊದಲು ಉದುರುವುದು ಹೊರಗಿನ ಕವರು. ಅದು ಉದುರಿತೆಂದರೆ 90 ಡಿಗ್ರಿಯ ತುದಿಗೆ ಯಾವ ಹಿಡಿತವೂ ಇಲ್ಲ, ರಿಂಗು ಬಾಯಿ ಬಿಡುತ್ತದೆ, ಉದ್ದ ರಾಡು ಬಿಲ್ಲಿನ ಹಾಗೆ ಹೊರಕ್ಕೆ ಉಬ್ಬುತ್ತದೆ, ಕಾಲಮ್ ಅಲ್ಲೇ ಕುಸಿಯುತ್ತದೆ. ತುದಿಯನ್ನು 135 ಡಿಗ್ರಿಗೆ ಬಾಗಿಸಿದರೆ ಅದು ಕಾಲಮಿನ ಹೊಟ್ಟೆಯೊಳಗೆ ಹೋಗಿ ಕಚ್ಚಿಕೊಳ್ಳುತ್ತದೆ. 2016ರ ಆವೃತ್ತಿಯ ಪ್ರಕಾರ ಒಳಗೆ ಹೋಗುವ ತುದಿ ಸಳಿಯ ವ್ಯಾಸದ 6 ಪಟ್ಟು, 65 ಮಿ.ಮೀ.ಗೆ ಕಡಿಮೆ ಇರಬಾರದು. ಒಂದು ರಿಂಗಿಗೆ ಹೆಚ್ಚು ಬೇಕಾದದ್ದು ಒಂದಿಷ್ಟು ಸಳಿ, ಬಾರ್ ಬೆಂಡರನ ಇನ್ನೊಂದು ಜಗ್ಗು. ಮುನ್ನೂರು ಕಟ್ಟಡಗಳಲ್ಲಿ ಆ ಒಂದು ಜಗ್ಗು ನಾನು ಕೇಳಿರಲಿಲ್ಲ.

ಮರುವಾರ ಸೇಡಂ ರೋಡಿನ ಸೈಟಿನಲ್ಲಿ ಕೇಳಿದೆ. ಯಾದಗಿರಿ ಕಡೆಯ ಬಾರ್ ಬೆಂಡರ್, ಒಳ್ಳೇ ಕೈ ಅವನದು. "ಇಪ್ಪತ್ತು ವರ್ಷ ಆಯ್ತ್ರಿ ಸರ್, ಯಾವ ಇಂಜಿನಿಯರೂ ಇದು ಹೇಳಿಲ್ಲ" ಅಂದ, ಹೇಳಿ ಅರ್ಧ ಗಂಟೆಯಲ್ಲಿ ಕಲಿತ. ಮಾಲೀಕರ ಜೊತೆಗಿನ ಜಗಳ ಬೇರೆ. ಅದೇ ಕೋಡಿನಲ್ಲಿ ಕಾಲಮ್ 300 ಮಿ.ಮೀ.ಗೆ ಕಡಿಮೆ ಇರಬಾರದು ಅಂತಿದೆ. ನಮ್ಮವರಿಗೆ 9 ಇಂಚಿನ ಕಾಲಮೇ ಬೇಕು, 9 ಇಂಚಿನ ಗೋಡೆಯಲ್ಲಿ ಮುಚ್ಚಿಹೋಗಬೇಕು. "ಮೂಲ್ಯಾಗ ತಿಜೋರಿ ಕೂಡಂಗಿಲ್ರಿ ಸಾಹೇಬ್ರ!" ಆ 2016ರ ಆವೃತ್ತಿಯಲ್ಲಿ ವಲಯ 2ಕ್ಕೆ ಈ ಕೋಡ್ ಐಚ್ಛಿಕ, ಅದನ್ನೂ ಹೇಳಬೇಕು. ಕಾನೂನು ನನ್ನ ಕಡೆ ಇಲ್ಲ, ತಿಜೋರಿ ಅವರ ಕಡೆ ಇದೆ.

ಇದನ್ನೆಲ್ಲ ನಮ್ಮ ಹಿರಿಯರೊಬ್ಬರ ಮುಂದೆ ಹೇಳಿದೆ. ನನಗಿಂತ ಹದಿನೈದು ವರ್ಷ ದೊಡ್ಡವರು, ನನಗೆ ಲೆವೆಲ್ ಹಿಡಿಯಲು ಕಲಿಸಿದವರು. "ಈ ವಯಸ್ಸಿನ್ಯಾಗ ಶಾಲೀಗಿ ಹೋಗಂತೀಯೇನೋ" ಅಂತ ಮೊದಲು ಗದರಿದರು. ಚಹಾ ಮುಗಿದ ಮೇಲೆ ದನಿ ತಗ್ಗಿಸಿ ಅಂದರು, "ಹೊಸಾದು ಕಲ್ತ್ರ ಹಳೇವು ನಿದ್ದಿ ಮಾಡಗೊಡಂಗಿಲ್ಲೋ ತಮ್ಮಾ."

ನಮ್ಮವರು ಕಲಿಯಲು ಹಿಂದೇಟು ಹಾಕುವುದು ಸೋಮಾರಿತನಕ್ಕೆ ಅಂತ ನಾನೂ ತಿಳಿದಿದ್ದೆ. ಅಲ್ಲ, ಅದು ಅಂಜಿಕೆ. ಡಾಕ್ಟರು ಹೊಸ ಔಷಧಿ ಕಲಿತರೆ ನಾಳೆಯ ರೋಗಿಗೆ ಕೊಡುತ್ತಾರೆ. ನಾವು ಹೊಸ ಕೋಡ್ ಓದಿದರೆ ನಿನ್ನೆ ಕಟ್ಟಿದ ಮನೆಗಳೆಲ್ಲ ಕಣ್ಣ ಮುಂದೆ ಸಾಲಾಗಿ ನಿಲ್ಲುತ್ತವೆ. ಅವುಗಳ ವಿಳಾಸ ನಮಗೆ ಗೊತ್ತು. ಅವುಗಳ ಗೃಹಪ್ರವೇಶದಲ್ಲಿ ಹೋಳಿಗೆ ಉಂಡು ಬಂದಿದ್ದೇವೆ.

ಹೊರದೇಶಗಳಲ್ಲಿ ಗಂಟೆಯ ಲೆಕ್ಕ ಇದೆ. ಅಮೆರಿಕದ ಟೆಕ್ಸಾಸಿನಲ್ಲಿ ಲೈಸೆನ್ಸ್ ಇರುವ ಇಂಜಿನಿಯರ್ ವರ್ಷಕ್ಕೆ 15 ಗಂಟೆ ಕಲಿಯಬೇಕು, ಅದರಲ್ಲಿ 1 ಗಂಟೆ ವೃತ್ತಿಯ ನೀತಿಗೆ. ಅದೇ ದೇಶದ ಕ್ಯಾಲಿಫೋರ್ನಿಯಾದಲ್ಲಿ ಇಂಜಿನಿಯರರಿಗೆ ಇಂಥ ಕಡ್ಡಾಯವೇ ಇಲ್ಲ, ಆದರೆ ಆರ್ಕಿಟೆಕ್ಟರು ಅಂಗವಿಕಲರ ಓಡಾಟದ ವ್ಯವಸ್ಥೆ ಬಗ್ಗೆ 5 ಗಂಟೆ ಕಲಿಯದೆ ಲೈಸೆನ್ಸ್ ರಿನ್ಯೂ ಆಗದು. (ಈ 5 ಗಂಟೆ ನಮ್ಮಲ್ಲೂ ತಂದರೆ ಪುಣ್ಯ ಬರುತ್ತದೆ. ಒಂದಡಿ ಏರಲು ಹನ್ನೆರಡು ಅಡಿ ಉದ್ದ ಬೇಕೆಂಬ ಲೆಕ್ಕ ಮರೆತು ಕಟ್ಟಿದ ರ‍್ಯಾಂಪುಗಳು ಮಕ್ಕಳ ಜಾರುಬಂಡಿಗೆ ಸರಿ, ಗಾಲಿ ಕುರ್ಚಿಗಲ್ಲ.)

ಬರೀ ಗಂಟೆ ಎಣಿಸಿದರೆ ಏನಾಗುತ್ತದೆ ಅಂತಲೂ ಗೊತ್ತು. ಒಂದು ಸಲ ವಾಟರ್‌ಪ್ರೂಫಿಂಗ್ ಮಾಲು ಮಾರುವ ಕಂಪನಿಯೊಂದು ಹೋಟೆಲಿನಲ್ಲಿ 'ತಾಂತ್ರಿಕ ಕಾರ್ಯಾಗಾರ' ಇಟ್ಟಿತ್ತು. ಪನೀರ್ ಊಟ, ಒಂದು ಬ್ಯಾಗು, ಡೈರಿ, ಆರು ಗಂಟೆಯ ಸರ್ಟಿಫಿಕೇಟು. ಊಟಕ್ಕೆ ಮೊದಲು ಎಂಬತ್ತು ಜನ, ಆಮೇಲೆ ಹದಿನೆಂಟು. ಸರ್ಟಿಫಿಕೇಟು ಮಾತ್ರ ಎಂಬತ್ತೂ ಜನಕ್ಕೆ. ನನ್ನದು ಆಫೀಸಿನ ಗೋಡೆಯ ಮೇಲಿದೆ. ನಾನು ಎಂಬತ್ತರಲ್ಲಿದ್ದೆ, ಹದಿನೆಂಟರಲ್ಲಿರಲಿಲ್ಲ.

ಅದಕ್ಕೇ ಹೇಳುತ್ತೇನೆ, ಕಡ್ಡಾಯ ಮಾಡಿ, ಆದರೆ ಹೋಟೆಲಿನಲ್ಲಿ ಬೇಡ. ರಿನ್ಯೂ ಮಾಡುವ ಮುನ್ನ ಒಂದು ದಿನ ಸೈಟಿಗೆ ಕರೆದುಕೊಂಡು ಹೋಗಿ. ಎರೆ ಮಣ್ಣಿನ ಗುಂಡಿ ತೋರಿಸಿ, ಕೆಳಗಿನ ಗಟ್ಟಿ ಮೊರಂ ಎಷ್ಟು ಆಳಕ್ಕೆ ಸಿಕ್ಕಿತು, ಸಿಗದಿದ್ದರೆ ಏನು ಮಾಡುತ್ತಿ ಅಂತ ಕೇಳಿ. ಕಟ್ಟಿಟ್ಟ ಕಾಲಮ್ ಮುಂದೆ ನಿಲ್ಲಿಸಿ ತಪ್ಪು ಹುಡುಕಲು ಹೇಳಿ. ಪಕ್ಕದಲ್ಲಿ ಬಾರ್ ಬೆಂಡರನೂ ಗೌಂಡಿಯೂ ನಿಂತಿರಲಿ, ಅವರಿಗೂ ಅದೇ ಪಾಠ, ಅವರ ಆ ದಿನದ ಪಗಾರ ಕೊಟ್ಟು. ನೀತಿಯ ಆ ಒಂದು ಗಂಟೆಯಲ್ಲಿ ಒಂದೇ ಪ್ರಶ್ನೆ ಸಾಕು: ನೀ ಕಟ್ಟಿಸಿದ ಹಳೇ ಮನೆಯಲ್ಲಿ ತಪ್ಪಿದೆ ಅಂತ ಇವತ್ತು ಗೊತ್ತಾದರೆ ಮಾಲೀಕನಿಗೆ ಹೇಳುತ್ತೀಯೋ ಇಲ್ಲವೋ?

ನಾನು ಹೇಳಲು ಶುರು ಮಾಡಿದೆ. 1998ರಿಂದ 2010ರವರೆಗಿನ ಮನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಮೊದಲ ಮೂರು ಮನೆಯವರು ಕೇಳಿಸಿಕೊಂಡರು, ಚಹಾ ಕೊಟ್ಟರು, "ದೇವರಿದ್ದಾನ ಬಿಡ್ರಿ" ಅಂದರು. ನಾಲ್ಕನೆಯವರು ತಾವೇ ನನ್ನ ಆಫೀಸಿಗೆ ಬಂದರು. 2003ರಲ್ಲಿ ನಾನೇ ಕಟ್ಟಿಸಿದ ಮನೆ, ಈಗ ಮಗನ ಮದುವೆ, ಮೇಲೆ ಇನ್ನೊಂದು ಅಂತಸ್ತು ಬೇಕು, ನಕ್ಷೆಗೆ ಸಹಿ ಬೇಕು. ಎಂ15 ಕಾಂಕ್ರೀಟು, 9 ಇಂಚಿನ ಕಾಲಮು, 90 ಡಿಗ್ರಿಯ ರಿಂಗು, ಎಲ್ಲ ಬಿಡಿಸಿ ಹೇಳಿದೆ. ಕೆಳಗಿನ ಕಾಲಮುಗಳಿಗೆ ಸುತ್ತ ಜಾಕೆಟ್, ಅಂದರೆ ಹೊಸ ಸಳಿ ಕಾಂಕ್ರೀಟಿನ ಹೊದಿಕೆ, ಹಾಕದೆ ಮೇಲೆ ಕಟ್ಟುವುದು ಬೇಡ, ಅದರ ವಿನ್ಯಾಸದ ಫೀಸು ನನಗೆ ಕೊಡುವುದೂ ಬೇಡ ಅಂದೆ. ಅವರು ಬಹಳ ಹೊತ್ತು ಸುಮ್ಮನೆ ಕೂತು ಕೇಳಿದರು, "ಅಂದ್ರ ಆವಾಗ ನಿಮಗ ಗೊತ್ತಿರಲಿಲ್ಲೇನ್ರಿ?"

"ಇರಲಿಲ್ಲ ಅಣ್ಣಾರ."

"ಲೈಸೆನ್ಸ್ ಇತ್ತಲ್ರಿ?"

"ಇತ್ರಿ."

ಎದ್ದು ಹೋದರು. ಮೊನ್ನೆ ಆ ರಸ್ತೆಯಲ್ಲಿ ಹೋಗುವಾಗ ನೋಡಿದೆ, ಮೇಲೆ ಸೆಂಟ್ರಿಂಗ್ ನಿಂತಿದೆ. ಇನ್ನೊಬ್ಬರ ಸಹಿ ಸಿಕ್ಕಿರಬೇಕು. ಕೆಳಗಿನ ಕಾಲಮುಗಳಿಗೆ ಹೊಸ ಬಣ್ಣ ಹೊಡೆಸಿದ್ದಾರೆ.